ಹೊಳೆ ಇಳಿದರೂ ಗುಂಡಿಯ ನೀರು ಇಳಿಯದು

ಜುಲೈ ತಿಂಗಳ ಮೂರನೇ ವಾರ ಬಂತೆಂದರೆ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಭಾಗದ ಸುದ್ದಿಪುಟಗಳಲ್ಲಿ ಅಂಕಿಗಳದೇ ಸುಗ್ಗಿ. ಕೊಯ್ನಾ ಜಲಾಶಯದಲ್ಲಿ ಎಷ್ಟು ಟಿಎಂಸಿ ಅಡಿ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್, ದೂಧಗಂಗೆಯಿಂದ ಎಷ್ಟು, ಕಲ್ಲೋಳದ ಬಳಿ ಕೃಷ್ಣೆಗೆ ಸೇರಿದ್ದು ಒಟ್ಟು ಎಷ್ಟು. ಅದರ ಕೆಳಗೆ ಮುಳುಗಿದ ಸೇತುವೆಗಳ ಪಟ್ಟಿ: ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳ, ಜತ್ರಾಟ–ಭಿವಶಿ. ನೀರು ಇಳಿದ ಮೇಲೆ ಇನ್ನೊಂದು ಪಟ್ಟಿ ತಯಾರಾಗುತ್ತದೆ. ಬಿದ್ದ ಗೋಡೆ, ಕೊಳೆತ ಕಬ್ಬು, ಸತ್ತ ದನ, ಕಿತ್ತುಹೋದ ರಸ್ತೆ, ಒರಗಿದ ವಿದ್ಯುತ್ ಕಂಬ ಎಲ್ಲವೂ ಅದರಲ್ಲಿರುತ್ತವೆ.

ಮನೆಯ ಹಿತ್ತಲಿನ ಪಾಯಖಾನೆಗೆ ಏನಾಯಿತು ಎಂಬ ಪ್ರಶ್ನೆ ಮಾತ್ರ ಈ ಎರಡೂ ಪಟ್ಟಿಗಳ ನಡುವೆ ಎಲ್ಲೋ ಬಿದ್ದುಹೋಗುತ್ತದೆ. ಹೊಳೆ ಬಂದು ಹೋದ ಊರಿನಲ್ಲಿ ಜನ ಮನೆಗೆ ಮರಳಿದ ಮೊದಲ ದಿನದಿಂದಲೇ ಎದುರಾಗುವ ತೊಂದರೆ ಇದು. ಗೋಡೆ ನಿಂತಿರುತ್ತದೆ, ತಗಡು ಇರುತ್ತದೆ, ಬಾಗಿಲೂ ಇರುತ್ತದೆ. ಒಂದು ಕೊಡ ನೀರು ಸುರಿದರೆ ಅದು ಕೆಳಗಿಳಿಯುವುದಿಲ್ಲ. ಬೇಸಿನ್ ತುಂಬಿ ನಿಲ್ಲುತ್ತದೆ, ಇಲ್ಲವೇ ಹೊಸ್ತಿಲ ಮೇಲೆ ಹರಿಯುತ್ತದೆ. ಮನೆ ಬಿದ್ದಿಲ್ಲವಾದ್ದರಿಂದ ಅದು ಹಾನಿಯ ಲೆಕ್ಕಕ್ಕೆ ಬರುವುದಿಲ್ಲ. ಶೌಚಾಲಯ ಇದೆ ಎಂದು ದಾಖಲೆ ಹೇಳುವುದರಿಂದ ಹೊಸದಕ್ಕೆ ಅರ್ಜಿ ಹಾಕಲೂ ದಾರಿ ಸುಲಭವಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿಗೆ ಕಡಲ ಸೋಂಕಿಲ್ಲ. ಸಮುದ್ರ ಇರುವುದು ಸಹ್ಯಾದ್ರಿಯ ಆಚೆ. ಆದರೂ ನೆಲದಡಿಯ ನೀರು ಏರಿ ತಗ್ಗು ಪ್ರದೇಶದ ಕರಾವಳಿ ಊರುಗಳು ಅನುಭವಿಸುವ ಸಂಕಟವನ್ನು ಈ ನದಿತೀರದ ಊರುಗಳೂ ಉಣ್ಣುತ್ತಿವೆ. ಸಹ್ಯಾದ್ರಿಯ ಪೂರ್ವ ಇಳಿಜಾರಿನಲ್ಲಿ ಬಿದ್ದ ಮಳೆ ಹರಿದು ಬರುವ ದಾರಿಯನ್ನು ನೋಡಿದರೆ ಇದು ತಿಳಿಯುತ್ತದೆ. ಕೊಯ್ನಾ ಕರಾಡದಲ್ಲಿ, ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಗೆ ಕೂಡುತ್ತವೆ. ವೇದಗಂಗೆ ಭೋಜದ ಹತ್ತಿರ ದೂಧಗಂಗೆಯನ್ನು ಸೇರಿ, ದೂಧಗಂಗೆ ಯಡೂರ–ಕಲ್ಲೋಳದ ಆಸುಪಾಸು ಕೃಷ್ಣೆಗೆ ಬೀಳುತ್ತದೆ. ಅಲ್ಲಿಂದ ಮುಂದೆ ಮಾಂಜರಿ, ಇಂಗಳಿ, ಉಗಾರ, ಕುಡಚಿ, ಸತ್ತಿ, ಹುಲಗಬಾಳಿಗಳ ಬದಿಯಲ್ಲಿ ಹರಿಯುವುದು ಇಷ್ಟೂ ನದಿಗಳ ಒಟ್ಟು ನೀರು. 2005, 2019, 2021, 2024 ಇಲ್ಲಿನವರು ಬಾಯಿಪಾಠವಾಗಿ ಹೇಳುವ ಮಹಾಪೂರದ ವರ್ಷಗಳು. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ವೇದಗಂಗೆ ಯಮಗರ್ಣಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯನ್ನೇ ಮುಚ್ಚಿಸಿತ್ತು. ಹೆದ್ದಾರಿಯನ್ನೇ ಮುಳುಗಿಸಿದ ನೀರಿಗೆ ಹಿತ್ತಲಿನ ಗುಂಡಿ ಯಾವ ಲೆಕ್ಕ?

ಆ ಗುಂಡಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಹಳ್ಳಿಗಳಲ್ಲಿ ಸರ್ಕಾರದ ನೆರವಿನಿಂದ ಕಟ್ಟಿದ ಶೌಚಾಲಯದ ಮಾದರಿ ಅವಳಿ ಇಂಗುಗುಂಡಿಯದು. ಎರಡು ದುಂಡನೆಯ ಗುಂಡಿ. ಒಳಗೋಡೆಯ ಇಟ್ಟಿಗೆಗಳ ನಡುವೆ ಜೇನುಗೂಡಿನಂತೆ ಕಿಂಡಿ. ತಳಕ್ಕೆ ಸಿಮೆಂಟ್ ಇಲ್ಲ. ನಡುವೆ ಒಂದು ಪುಟ್ಟ ಚೇಂಬರ್. ಒಂದು ಗುಂಡಿಗೆ ಮಲ–ನೀರು ಬಿಟ್ಟಾಗ ನೀರು ಕಿಂಡಿಗಳ ಮೂಲಕ ಮಣ್ಣಿಗೆ ಹಿಂಗುತ್ತದೆ, ಗಟ್ಟಿ ಭಾಗ ತಳದಲ್ಲಿ ಉಳಿಯುತ್ತದೆ. ಒಂದು ಕುಟುಂಬಕ್ಕೆ ಸುಮಾರು ಮೂರು ವರ್ಷಕ್ಕೆ ಅದು ತುಂಬಿದಾಗ ಚೇಂಬರಿನಲ್ಲಿ ದಾರಿ ತಿರುಗಿಸಿ ಎರಡನೆಯದಕ್ಕೆ ಬಿಡಬೇಕು. ಮೊದಲನೆಯದು ಒಂದೂವರೆ–ಎರಡು ವರ್ಷ ಮುಚ್ಚಿಯೇ ಇದ್ದರೆ ಒಳಗಿನದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಯಂತ್ರ ಬೇಡ, ವಿದ್ಯುತ್ ಬೇಡ, ಇನ್ನೊಬ್ಬ ಮನುಷ್ಯ ಇಳಿದು ಬಳಿಯುವ ಅವಮಾನ ಬೇಡ. ಜಾಣತನದ ವ್ಯವಸ್ಥೆ ಇದು. ಅದರ ಮೇಲೆ ತಪ್ಪು ಹೊರಿಸಲು ಏನೂ ಇಲ್ಲ.

ಆದರೆ ಅದರ ಬಾಳುವೆ ಒಂದೇ ಒಂದು ಷರತ್ತಿನ ಮೇಲೆ ನಿಂತಿದೆ: ಸುತ್ತಲಿನ ಮಣ್ಣಿನಲ್ಲಿ ನೀರು ಹೀರಲು ಜಾಗ ಇರಬೇಕು. ನೆನೆದು ತೊಯ್ದ ಗೋಣಿಚೀಲ ಮತ್ತೆ ನೀರು ಹೀರುವುದಿಲ್ಲ. ಹೊಳೆ ಇನ್ನೂ ಊರೊಳಗೆ ಕಾಲಿಡುವ ಮೊದಲೇ ದಂಡೆಯ ನೆಲದಡಿಯಲ್ಲಿ ನೀರಿನ ಮಟ್ಟ ಏರಿರುತ್ತದೆ. ಕಿಂಡಿಗಳಿಂದ ನೀರು ಹೊರಹೋಗುವ ಬದಲು ಒಳಬರುತ್ತದೆ. ಬೇಸಿನ್ನಿನಲ್ಲಿ ಗುಳುಗುಳು ಸದ್ದು, ಗುಳ್ಳೆ, ಆಮೇಲೆ ಕಪ್ಪು ನೀರು. ಹೊಳೆ ಏರಿ ಮುಚ್ಚಳದ ಮೇಲೆ ಹಾದಾಗ ಎರಡೂ ಗುಂಡಿಗಳು ಒಂದಾಗುತ್ತವೆ. ವರ್ಷಗಟ್ಟಲೆ ಮುಚ್ಚಿಟ್ಟು ಗೊಬ್ಬರವಾಗಲು ಬಿಟ್ಟಿದ್ದರ ಮೇಲೆ ಹಸಿ ಮಲ ಬಂದು ಕೂರುತ್ತದೆ. ನೀರು ಇಳಿಯುವಾಗ ಕೃಷ್ಣೆಯ ನುಣ್ಣನೆಯ ರೇವೆ ಆ ಜೇನುಗೂಡಿನ ಒಂದೊಂದು ಕಿಂಡಿಯನ್ನೂ ಮೆತ್ತಿ ಮುಚ್ಚಿ ಹೋಗಿರುತ್ತದೆ. ಹೊಳೆ ಇಳಿದು ತಿಂಗಳಾದರೂ ಗುಂಡಿಯ ನೀರು ಇಳಿಯದಿರಲು ಕಾರಣ ಇದು.

ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿಕೊಂಡ ಅನುಕೂಲಸ್ಥರ ಪಾಡೂ ಬೇರೆಯಲ್ಲ. ಟ್ಯಾಂಕ್ ಎಷ್ಟೇ ಭದ್ರವಾಗಿದ್ದರೂ ಅದರಿಂದ ಹೊರಬೀಳುವ ನೀರು ಕೊನೆಗೆ ಹಿಂಗಬೇಕಾದದ್ದು ಅದೇ ಮಣ್ಣಿನಲ್ಲಿ. ಹಲವು ಕಡೆ ಟ್ಯಾಂಕ್ ಎಂದು ಕರೆಯುವುದು ಸಿಮೆಂಟ್ ರಿಂಗ್‌ಗಳನ್ನು ಒಂದರ ಮೇಲೊಂದು ಇಳಿಸಿದ ಗುಂಡಿಯನ್ನು ಮಾತ್ರ, ಅದರ ಹೊರಪೈಪು ನೇರ ಗಟಾರಕ್ಕೆ. ಹೊಳೆ ಇಳಿದ ಕೂಡಲೇ ಸಕ್ಕಿಂಗ್ ವಾಹನ ತರಿಸಿ ಟ್ಯಾಂಕ್ ಖಾಲಿ ಮಾಡಿಸುವುದು ಇನ್ನೊಂದು ಅಪಾಯ. ಸುತ್ತ ನೆಲ ನೀರುಂಡಿರುವಾಗ ಒಳಗನ್ನು ಬರಿದು ಮಾಡಿದರೆ ಹೊರಗಿನ ಒತ್ತಡಕ್ಕೆ ಗೋಡೆ ಬಿರಿಯಬಹುದು, ಹಗುರಾದ ಟ್ಯಾಂಕ್ ಮೇಲಕ್ಕೆದ್ದು ಪೈಪು ಮುರಿಯಬಹುದು. ನೆಲದ ನೀರು ಇಳಿಯುವವರೆಗೆ ಕಾಯಬೇಕು ಎಂಬ ಸರಳ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸುವ ವ್ಯವಸ್ಥೆ ಬೇಕಿದೆ.

ಈ ಭಾಗದ ಮಣ್ಣಿನ ಮಾತು ಬರದೆ ಈ ಕತೆ ಪೂರ್ತಿಯಾಗದು. ಕೃಷ್ಣೆಯ ಎರಡೂ ದಂಡೆಗೆ ಆಳವಾದ ಎರೆಭೂಮಿ. ಒಣಗಿದಾಗ ಕೈ ಇಳಿಯುವಷ್ಟು ಬಿರುಕು, ತೊಯ್ದಾಗ ಉಬ್ಬಿ ಬಿಗಿದುಕೊಳ್ಳುವ ಮಣ್ಣು. ಬೆಳೆಗೆ ಬಂಗಾರವಾದ ಇದೇ ಗುಣ ಇಂಗುಗುಂಡಿಗೆ ಶತ್ರು. ಅದರ ಮೇಲೆ ಕಬ್ಬು ಬಂತು. ಏತ ನೀರಾವರಿ, ಕಾಲುವೆ, ನದಿಗೆ ಹಾಕಿದ ಪಂಪ್‌ಸೆಟ್‌ಗಳಿಂದ ವರ್ಷವಿಡೀ ನೀರು ಉಣಿಸಿದ ಹೊಲಗಳು ಸವಳು–ಜವಳಾದವು. ಉಗಾರ, ಶೇಡಬಾಳ, ಕಾಗವಾಡ, ಕುಡಚಿಯ ರೈತರಿಗೆ ಜವಳು ಎಂದರೇನು ಎಂದು ಯಾರೂ ವಿವರಿಸಬೇಕಿಲ್ಲ. ಬೇರಿಗೆ ಗಾಳಿ ಸಿಗದೆ ಬೆಳೆ ಹಳದಿಯಾಗುವುದನ್ನು, ಹೊಲದ ಮೇಲೆ ಬಿಳಿ ಉಪ್ಪು ಕೂರುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ನೆಲದಡಿ ರಂಧ್ರವುಳ್ಳ ಪೈಪು ಹೂತು, ಹೆಚ್ಚಿನ ನೀರನ್ನು ಹಳ್ಳಕ್ಕೆ ಬಸಿದು, ಜಮೀನು ಉಳಿಸಿಕೊಳ್ಳುವ ಪ್ರಯತ್ನಗಳು ನಡೆದಿವೆ.

ಅಂದರೆ ಈ ನೆಲ ನೀರು ಹಿಡಿದು ನಿಲ್ಲುತ್ತದೆ ಎಂಬುದು ಕೃಷಿ ಇಲಾಖೆಗೆ ಗೊತ್ತು, ನೀರಾವರಿ ಇಲಾಖೆಗೆ ಗೊತ್ತು, ಸಕ್ಕರೆ ಕಾರ್ಖಾನೆಗಳಿಗೆ ಗೊತ್ತು. ಹೊಲದಿಂದ ನೀರು ಹೊರತೆಗೆಯಲು ಪೈಪು ಹೂಳುತ್ತಿರುವ ಊರಿನಲ್ಲೇ, ಹೊಲದಿಂದ ನೂರು ಮಾರು ದೂರದ ಹಿತ್ತಲಿನಲ್ಲಿ, ಪಾಯಖಾನೆಯ ನೀರೆಲ್ಲ ಅದೇ ಮಣ್ಣಿಗೆ ಹಿಂಗುತ್ತದೆ ಎಂದು ನಂಬಿ ಗುಂಡಿ ತೋಡಲಾಯಿತು. ಒಂದು ಇಲಾಖೆಯ ಜ್ಞಾನ ಇನ್ನೊಂದರ ನಕ್ಷೆಗೆ ದಾಟಲಿಲ್ಲ. ತೀರದ ಊರುಗಳ ಇವತ್ತಿನ ಗೋಳಿಗೆ ಮಹಾಪೂರಕ್ಕಿಂತ ದೊಡ್ಡ ಕಾರಣ ಇದು. ಯಾಕೆಂದರೆ ಮಹಾಪೂರ ಬಾರದ ವರ್ಷವೂ ಮಳೆಗಾಲದ ನಾಲ್ಕು ತಿಂಗಳು ಅನೇಕ ಗುಂಡಿಗಳು ಅರ್ಧ ನೀರಿನಲ್ಲೇ ನಿಂತಿರುತ್ತವೆ.

ಸ್ವಚ್ಛ ಭಾರತ ಅಭಿಯಾನ ಶುರುವಾದದ್ದು 2014ರ ಅಕ್ಟೋಬರ್ 2ರಂದು. ಒಂದು ಮನೆಯ ಶೌಚಾಲಯಕ್ಕೆ 12 ಸಾವಿರ ರೂಪಾಯಿ ಪ್ರೋತ್ಸಾಹಧನ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಕರ್ನಾಟಕದಲ್ಲಿ 15 ಸಾವಿರ. ಆ ಅಭಿಯಾನ ಹಳ್ಳಿಯ ಹೆಣ್ಣುಮಕ್ಕಳಿಗೆ ಕೊಟ್ಟದ್ದು ಸಣ್ಣದಲ್ಲ. ಕತ್ತಲಾಗುವುದನ್ನೇ ಕಾಯುತ್ತ ಹಸಿವು, ಬಾಯಾರಿಕೆ ತಡೆದುಕೊಳ್ಳುತ್ತಿದ್ದವರಿಗೆ ಅದು ದೊಡ್ಡ ಬಿಡುಗಡೆ. 2018ರಲ್ಲಿ ಗ್ರಾಮೀಣ ಕರ್ನಾಟಕ ಬಯಲು ಶೌಚಮುಕ್ತ ಎಂದು ಘೋಷಣೆಯಾಯಿತು. ಮರುವರ್ಷದ ಆಗಸ್ಟ್‌ನಲ್ಲಿ ಹೊಳೆ ಬಂತು. ಘೋಷಣೆಯಲ್ಲಿ ಎಣಿಸಿದ ಎಷ್ಟು ಶೌಚಾಲಯಗಳು ಆ ಆಗಸ್ಟ್ ದಾಟಿ ಕೆಲಸ ಮಾಡಿದವು ಎಂಬುದನ್ನು ತೀರದ ಪ್ರತಿ ಪಂಚಾಯಿತಿಯೂ ಆಗಲೇ ಬರೆದಿಡಬೇಕಿತ್ತು. 2019ರಲ್ಲಿ ರಾಜ್ಯ ಸರ್ಕಾರ ತುರ್ತು ನೆರವಿಗೆ ಕುಟುಂಬಕ್ಕೆ 10 ಸಾವಿರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಕೊಟ್ಟಿತು. ಅದು ಆ ಹೊತ್ತಿಗೆ ದೊಡ್ಡ ಮನಸ್ಸಿನ ನಿರ್ಧಾರವೇ. ಆದರೆ ಮನೆ ನಿಂತು ಗುಂಡಿ ಸತ್ತ ಕುಟುಂಬಗಳ ಕಡೆ ಯಾರ ಕಣ್ಣೂ ಹೋಗಲಿಲ್ಲ.

ಇಂಥ ನೆಲಕ್ಕೆ ಬೇರೆ ವಿನ್ಯಾಸ ಇಲ್ಲ ಎನ್ನುವಂತೆಯೂ ಇಲ್ಲ. ಸರ್ಕಾರದ್ದೇ ಕೈಪಿಡಿ, ಭಾರತೀಯ ಮಾನಕಗಳು ಇದನ್ನು ದಶಕಗಳ ಹಿಂದೆಯೇ ಬರೆದಿಟ್ಟಿವೆ. ಇಂಗುಗುಂಡಿಗೆ ಐಎಸ್ 12314, ಸೆಪ್ಟಿಕ್ ಟ್ಯಾಂಕ್ ಮತ್ತು ಅದರ ನೀರು ಹಿಂಗಿಸುವ ವ್ಯವಸ್ಥೆಗೆ ಐಎಸ್ 2470. ಎರೆಮಣ್ಣಿನಲ್ಲಿ ಗುಂಡಿ ತೋಡುವಾಗ ಹೊರಗೋಡೆಯ ಸುತ್ತ 300 ಮಿಲಿಮೀಟರ್ ದಪ್ಪಕ್ಕೆ ಮರಳು ಅಥವಾ ಸಣ್ಣ ಜಲ್ಲಿ ತುಂಬಬೇಕು. ನೀರು ನಿಲ್ಲುವ ಜಾಗದಲ್ಲಿ ಗುಂಡಿಯ ಬಾಯಿ, ನೀರು ಏರಬಹುದಾದ ಮಟ್ಟಕ್ಕಿಂತ 300 ಮಿಲಿಮೀಟರ್ ಮೇಲಿರಬೇಕು. ಸುತ್ತ ಒಂದು ಮೀಟರ್ ಅಗಲಕ್ಕೆ ಮಣ್ಣು ದಮ್ಮಸ್ ಮಾಡಿ ದಿಬ್ಬ ಕಟ್ಟಬೇಕು, ಅದಕ್ಕೆ ತಕ್ಕಂತೆ ಪಾಯಖಾನೆಯ ನೆಲವನ್ನೂ ಎತ್ತರಿಸಬೇಕು. ನೆಲದಡಿಯ ನೀರು ನೆಲಮಟ್ಟದಿಂದ 1.8 ಮೀಟರ್ ಆಳದೊಳಗೇ ಇದ್ದರೆ ಟ್ಯಾಂಕಿನ ನೀರು ಹಿಂಗಿಸುವ ಕಾಲುವೆಯನ್ನು ನೆಲದೊಳಗಲ್ಲ, ನೆಲದ ಮೇಲಿನ ದಿಬ್ಬದಲ್ಲಿ ಮಾಡಬೇಕು. ಕುಡಿಯುವ ನೀರಿನ ಬಾವಿಗೂ ಈ ಕಾಲುವೆಗೂ 18 ಮೀಟರ್ ಅಂತರವಿರಬೇಕು.

ಮಣ್ಣು ನೀರು ಹೀರುತ್ತದೆಯೇ ಎಂದು ತಿಳಿಯಲು ಪ್ರಯೋಗಾಲಯವೂ ಬೇಡ. ಗುಂಡಿ ಬರುವ ಆಳಕ್ಕೆ ಒಂದು ಸಣ್ಣ ತೂತು ತೋಡಿ, ರಾತ್ರಿಯಿಡೀ ನೀರು ನಿಲ್ಲಿಸಿ ಮಣ್ಣನ್ನು ತಣಿಸಿ, ಮರುದಿನ ಮತ್ತೆ ನೀರು ಹಾಕಿ ಅಳತೆಕೋಲು ಹಿಡಿದು ಕೂತರೆ ಸಾಕು. ನೀರಿನ ಮಟ್ಟ 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕು ಎಂಬುದೇ ಉತ್ತರ. ಒಂದು ಗಂಟೆ ಕಳೆದರೂ ಇಳಿಯದಿದ್ದರೆ ಅಲ್ಲಿ ಇಂಗುಗುಂಡಿ ನಡೆಯದು. ಪಂಚಾಯಿತಿಯ ಎಂಜಿನಿಯರ್ ಒಬ್ಬರು, ಊರಿನ ಇಬ್ಬರು ಗೌಂಡಿಗಳು ಸೇರಿ ಒಂದು ವಾರದಲ್ಲಿ ಇಡೀ ಊರಿನ ಓಣಿಗಳನ್ನು ಹೀಗೆ ಪರೀಕ್ಷಿಸಬಹುದು. ಗುರಿಯ ಸಂಖ್ಯೆ ಮುಟ್ಟುವ ಆತುರದಲ್ಲಿ ಆ ಒಂದು ವಾರ ಸಿಗಲಿಲ್ಲ. ನರೇಗಾದಡಿ ಅಭಿಯಾನವಾಗಿ ನಡೆದ ಬಚ್ಚಲುಗುಂಡಿಗಳಿಗೂ ಇದೇ ಮಾತು ಸಲ್ಲುತ್ತದೆ. ಎತ್ತರದ ಮಡ್ಡಿಯ ಕೆಂಪುಮಣ್ಣಿನಲ್ಲಿ ಚೆನ್ನಾಗಿ ನಡೆಯುವ ಬಚ್ಚಲುಗುಂಡಿ ಹೊಳೆದಂಡೆಯ ಎರೆಯಲ್ಲಿ ಸೊಳ್ಳೆಯ ತೊಟ್ಟಿಲಾಗುತ್ತದೆ.

ಇಷ್ಟೆಲ್ಲ ಏಕೆ ಮುಖ್ಯವೆಂದರೆ, ಗುಂಡಿಯಿಂದ ಹೊರಟದ್ದು ಗುಂಡಿಯ ಹತ್ತಿರವೇ ಉಳಿಯುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮನೆಮನೆಗೆ ನಲ್ಲಿ ಬಂದಿದೆ. ಒಳ್ಳೆಯದೇ. ಆದರೆ ನಲ್ಲಿಯ ಪೈಪು ಹಾದುಹೋಗುವುದು ಗಟಾರದ ಪಕ್ಕದಲ್ಲಿ, ಗುಂಡಿಯ ಬುಡದಲ್ಲಿ. ದಿನಕ್ಕೆ ಒಂದೆರಡು ಗಂಟೆ ನೀರು ಬಿಟ್ಟು ನಿಲ್ಲಿಸಿದಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಸಡಿಲವಾದ ಜೋಡಣೆಯಿದ್ದಲ್ಲಿ ಹೊರಗಿನ ಕೊಳಕನ್ನು ಪೈಪೇ ಒಳಕ್ಕೆಳೆದುಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಮೊದಲ ಕೊಡಕ್ಕೆ ಬೀಳುವುದು ಅದು. 2022ರ ಅಕ್ಟೋಬರ್‌ನಲ್ಲಿ ಇದೇ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತ ಕುಡಿಯುವ ನೀರಿನಿಂದ ಅನೇಕರು ವಾಂತಿ–ಭೇದಿಗೆ ತುತ್ತಾದರು, ಸಾವುಗಳೂ ಆದವು. 2012ರಲ್ಲಿ ಗಡಿಯಾಚೆ, ಚಿಕ್ಕೋಡಿ ಭಾಗದಿಂದ ಕೂಗಳತೆಯಲ್ಲಿರುವ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಜನ ಸತ್ತರು. ಕೊಲ್ಲಾಪುರ, ಇಚಲಕರಂಜಿಗಳ ಕೊಳಚೆ ಹೊತ್ತ ಪಂಚಗಂಗೆಯ ನೀರೇ ಮಳೆಗಾಲದಲ್ಲಿ ಕೃಷ್ಣೆಗೆ ಸೇರಿ ಇಲ್ಲಿನ ಅಂಗಳಕ್ಕೆ ಬರುವುದು ಎಂಬುದನ್ನೂ ಮರೆಯುವಂತಿಲ್ಲ.

ಕಾಲರಾ, ಟೈಫಾಯ್ಡ್, ಹೆಪಟೈಟಿಸ್ ಎ ಮತ್ತು ಇ ಇವು ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ದಾಟುವ ರೋಗಗಳು. ಇವುಗಳ ಜತೆಗೆ ಇಲಿಜ್ವರವೂ ಇದೆ. ಕೇರಳದಲ್ಲಿ 2018ರ ಮಹಾಪೂರದ ನಂತರ ಇಲಿಜ್ವರದಿಂದ ಅನೇಕರು ತೀರಿಕೊಂಡರು. ಅಲ್ಲಿನ ಆರೋಗ್ಯ ಇಲಾಖೆ ಸ್ವಚ್ಛತೆಗಿಳಿದವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿತು. ಹೆಪಟೈಟಿಸ್ ಇ ಬಸುರಿಯರಿಗೆ ಪ್ರಾಣಾಂತಿಕವಾಗಬಲ್ಲದು ಎಂಬ ಒಂದು ಸಂಗತಿಯೇ ಈ ಗುಂಡಿಗಳನ್ನು ತಾಲ್ಲೂಕು ಆರೋಗ್ಯಾಧಿಕಾರಿಯ ಮೇಜಿಗೆ ತರಲು ಸಾಕು.

ಹೆಣ್ಣುಮಕ್ಕಳ ಪಾಲಿಗೆ ಇದು ಎರಡು ಬಾರಿ ಬೀಳುವ ಪೆಟ್ಟು. ಮೊದಲನೆಯದು ಪ್ರವಾಹ ಸಂತ್ರಸ್ತರ ಕಾಳಜಿ ಕೇಂದ್ರದಲ್ಲಿ. ಕೇಂದ್ರ ತೆರೆಯುವುದು ಸಾಮಾನ್ಯವಾಗಿ ಶಾಲೆಯಲ್ಲಿ. ಮಕ್ಕಳಿಗೆಂದು ಕಟ್ಟಿದ ನಾಲ್ಕಾರು ಶೌಚಾಲಯಗಳ ಮೇಲೆ ಒಂದೇ ರಾತ್ರಿಯಲ್ಲಿ ಇಡೀ ಊರು ಬಂದು ಬೀಳುತ್ತದೆ. ಮುಟ್ಟಾದ ಹುಡುಗಿ, ಹಸಿಬಾಣಂತಿ, ಕೋಲೂರಿ ನಡೆಯುವ ಅಜ್ಜಿ ಎಲ್ಲರಿಗೂ ಅದೇ ಸಾಲು. ಎರಡನೆಯದು ಮನೆಗೆ ಮರಳಿದ ಮೇಲೆ. ಗುಂಡಿ ಕಟ್ಟಿಕೊಂಡಿದೆ, ಹೊರಗೆ ಹೋಗೋಣವೆಂದರೆ ಹೊಳೆಯ ಕೆಸರು ತುಂಬಿದ ದಾರಿ, ಕೊಳೆತ ಕಬ್ಬಿನ ಹೊಲ, ಹಾವು. ಗಂಡಸರಿಗೆ ಬೈಕ್ ಹತ್ತಿ ಮಡ್ಡಿಗೆ ಹೋಗಲು ಬರುತ್ತದೆ. ಹೆಂಗಸರು ಮತ್ತೆ ಕತ್ತಲಾಗುವುದನ್ನು ಕಾಯುತ್ತಾರೆ. ಕಬ್ಬಿನ ಗದ್ದೆಗಳ ನಡುವೆ ತೋಟದ ವಸತಿಯಲ್ಲಿರುವ ಮನೆಗಳ ಸ್ಥಿತಿ ಇನ್ನೂ ಬಿಗಡಾಯಿಸಿದ್ದು, ಏಕೆಂದರೆ ಅಲ್ಲಿಗೆ ಪಂಚಾಯಿತಿಯ ಬ್ಲೀಚಿಂಗ್ ಪೌಡರ್ ಮುಟ್ಟುವುದೇ ತಡ.

ಕಟ್ಟಿಕೊಂಡ ಗುಂಡಿಯನ್ನು ಬಿಡಿಸುವವರು ಯಾರು? ಸೆಪ್ಟಿಕ್ ಟ್ಯಾಂಕ್, ಒಳಚರಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಹೇಳುತ್ತದೆ. ಆದರೆ ಸಕ್ಕಿಂಗ್ ವಾಹನ ಓಣಿಗೆ ಬಾರದಿದ್ದಾಗ, ಬಂದರೂ ಬಾಡಿಗೆ ಕೊಡಲಾಗದಿದ್ದಾಗ, ಊರಿನ ದುರ್ಬಲ ಕೇರಿಯ ಕಡೆಗೆ ಕಣ್ಣು ತಿರುಗುತ್ತದೆ. ಇದನ್ನು ತಡೆಯಲು ಕಾಯ್ದೆಯ ಜತೆಗೆ ಯಂತ್ರವೂ ಬೇಕು. ಇನ್ನು ವಾಹನ ಹೀರಿಕೊಂಡದ್ದು ಹೋಗುವುದೆಲ್ಲಿಗೆ? ದೇವನಹಳ್ಳಿಯಲ್ಲಿ 2015ರಿಂದ ಮಲತ್ಯಾಜ್ಯ ಶುದ್ಧೀಕರಣ ಘಟಕ ನಡೆಯುತ್ತಿದೆ, ದೇಶದಲ್ಲೇ ಪಟ್ಟಣವೊಂದಕ್ಕಾಗಿ ಕಟ್ಟಿದ ಮೊದಲ ಘಟಕಗಳ ಪೈಕಿ ಅದೊಂದು. ಹೀರಿ ತಂದ ಹೂಳನ್ನು ಅಲ್ಲಿ ಸಂಸ್ಕರಿಸಿ, ಒಣಗಿಸಿ ಗೊಬ್ಬರ ಮಾಡುತ್ತಾರೆ. ಅಂಥ ಘಟಕ ಹೊಳೆಸಾಲಿನ ಊರುಗಳಿಗೆ ಎಟುಕುವ ದೂರದಲ್ಲಿ ಇರಬೇಕು. ಇಲ್ಲದಿದ್ದರೆ ಯಾವುದೋ ಹಳ್ಳದ ದಂಡೆಯಲ್ಲಿ ರಾತ್ರಿ ಸುರಿದದ್ದು ಕೃಷ್ಣೆಗೆ ಬಂದು, ಕೆಳಗಿನ ಊರಿಗೆ ಕುಡಿಯುವ ನೀರೆತ್ತುವ ಜಾಕ್‌ವೆಲ್‌ಗೆ ಸೇರುತ್ತದೆ.

ಈ ತೊಂದರೆಯನ್ನು ಜಗತ್ತಿನ ಬೇರೆಡೆಯೂ ಎಣಿಸಿ ನೋಡಿದ್ದಾರೆ. ಅಮೆರಿಕದ ಫ್ಲಾರಿಡಾದ ಮಯಾಮಿ–ಡೇಡ್ ಕೌಂಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸೆಪ್ಟಿಕ್ ಟ್ಯಾಂಕ್‌ಗಳಿವೆ. ಸಮುದ್ರ ಏರುತ್ತಿರುವುದರಿಂದ ಅಲ್ಲಿ ನೆಲದಡಿಯ ನೀರೂ ಏರುತ್ತಿದ್ದು, ಹಿಂಗುವ ಜಾಗ ಕಿರಿದಾಗುತ್ತಿದೆ. 2018ರಲ್ಲಿ ಆ ಕೌಂಟಿ, ಯಾವ ಬಡಾವಣೆಯ ಟ್ಯಾಂಕ್ ಯಾವ ವರ್ಷದ ಹೊತ್ತಿಗೆ ಕೆಡಬಹುದು ಎಂಬ ಅಧ್ಯಯನ ಮಾಡಿ ಬಹಿರಂಗವಾಗಿ ಮುಂದಿಟ್ಟಿತು. ಹಣವಂತ ದೇಶದ ಮಾತು ನಮಗೇಕೆ ಎನ್ನುವವರು ಉತ್ತರ ಬಿಹಾರವನ್ನು ನೋಡಬಹುದು. ಕೋಸಿ, ಬಾಗಮತಿ ನದಿಗಳ ಬಯಲಿನಲ್ಲಿ ಮೇಘ್ ಪಾಯಿನ್ ಅಭಿಯಾನ ಎಂಬ ಸಂಘಟನೆ ಹಳ್ಳಿಗರ ಜತೆ ಸೇರಿ ನೆಲಮಟ್ಟದಿಂದ ಮೇಲೆ ಕಟ್ಟಿದ ಶೌಚಾಲಯಗಳನ್ನು ಬಳಕೆಗೆ ತಂದಿತು. ಮಲ ಮತ್ತು ಮೂತ್ರ ಬೇರೆಯಾಗಿ ಸಂಗ್ರಹವಾಗುವ, ನೆಲಕ್ಕೆ ಏನನ್ನೂ ಹಿಂಗಿಸದ ವಿನ್ಯಾಸ ಅದು. ಎರಡೂ ಹೊಲಕ್ಕೆ ಗೊಬ್ಬರವಾಗುತ್ತವೆ. ಕಬ್ಬು ಬೆಳೆದು ಮಣ್ಣು ಸೊರಗಿರುವ ಈ ಭಾಗಕ್ಕೆ ಅದು ಒಗ್ಗದ ಸಂಗತಿಯೇನಲ್ಲ. ಮಡಿ–ಮೈಲಿಗೆಯ ಹಿಂಜರಿಕೆ ಇರುತ್ತದೆ, ಅದನ್ನು ದಾಟಲು ಕಾಲ ಬೇಕಾಗುತ್ತದೆ.

ಎದುರು ವಾದವೊಂದನ್ನು ತಳ್ಳಿಹಾಕುವಂತಿಲ್ಲ. 2019ರಂಥ ನೀರು ಬಂದರೆ ಮಾಳಿಗೆಯೇ ಮುಳುಗುತ್ತದೆ, ಗುಂಡಿಯನ್ನು ಮೂರಡಿ ಎತ್ತರಿಸಿ ಏನು ಉಪಯೋಗ, ಊರನ್ನೇ ಮಡ್ಡಿಗೆ ಸ್ಥಳಾಂತರಿಸಿ ಎನ್ನುವವರಿದ್ದಾರೆ. ತೀರ ತಗ್ಗಿನಲ್ಲಿರುವ ಓಣಿಗಳಿಗೆ ಶಾಶ್ವತ ಪುನರ್ವಸತಿಯೇ ಸರಿ. ಪ್ರತಿ ಮಹಾಪೂರದ ನಂತರ ಜನ ಅದನ್ನೇ ಕೇಳುತ್ತ ಬಂದಿದ್ದಾರೆ, ಅದು ಅವರ ಹಕ್ಕು. ಆದರೆ ಸ್ಥಳಾಂತರ ದಶಕಗಳ ಕೆಲಸ. ಜಮೀನು, ದನದ ಕೊಟ್ಟಿಗೆ, ನದಿಯ ಪಂಪ್‌ಸೆಟ್ ಇಲ್ಲೇ ಇರುವಾಗ ಮನೆ ಮಾತ್ರ ಅಲ್ಲಿಗೆ ಹೋಗುವುದು ರೈತನಿಗೆ ಸುಲಭವೂ ಅಲ್ಲ. ಅಲ್ಲಿಯವರೆಗೆ ಪ್ರತಿ ಮಳೆಗಾಲ ಬಂದೇ ಬರುತ್ತದೆ. ಹೆಚ್ಚಿನ ವರ್ಷಗಳಲ್ಲಿ ನೀರು ಮಾಳಿಗೆಗೆ ಬರುವುದಿಲ್ಲ, ಅಂಗಳಕ್ಕೆ ಬಂದು ಹೋಗುತ್ತದೆ, ಇಲ್ಲವೇ ನೆಲದಡಿಯಲ್ಲಿ ಏರಿ ನಿಲ್ಲುತ್ತದೆ. ಅಂಥ ವರ್ಷಗಳಲ್ಲಿ ಎತ್ತರಿಸಿದ ಗುಂಡಿ ಕೆಲಸ ಮಾಡುತ್ತದೆ. ಮಹಾಪೂರದ ವರ್ಷದಲ್ಲೂ ಮರಳಿನ ಕವಚವಿರುವ ಗುಂಡಿ ಬೇಗ ಚೇತರಿಸಿಕೊಳ್ಳುತ್ತದೆ.

ಖರ್ಚಿನ ಮಾತೂ ಬರುತ್ತದೆ. ದಿಬ್ಬ, ಮರಳು, ಮೆಟ್ಟಿಲು ಸೇರಿದರೆ 12 ಸಾವಿರ ಸಾಲದು. 2014ರಲ್ಲಿ ನಿಗದಿಯಾದ ಮೊತ್ತ ಮಡ್ಡಿಯ ಊರಿಗೂ ಹೊಳೆಸಾಲಿನ ಊರಿಗೂ ಒಂದೇ ಇರಬೇಕೆಂಬ ನಿಯಮವನ್ನೇ ಬದಲಿಸಬೇಕು. ಪ್ರವಾಹಪೀಡಿತವೆಂದು ಜಿಲ್ಲಾಡಳಿತ ಪ್ರತಿವರ್ಷ ಗುರುತಿಸುವ ಹಳ್ಳಿಗಳ ಪಟ್ಟಿ ಸಿದ್ಧವೇ ಇದೆ; ಆ ಹಳ್ಳಿಗಳಿಗೆ ಹೆಚ್ಚಿನ ದರ ನಿಗದಿ ಮಾಡುವುದು ರಾಜ್ಯದ ಕೈಯಲ್ಲಿದೆ. ಹಣದ ದಾರಿಯೂ ಇಲ್ಲದಿಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಗ್ರಾಮ ಪಂಚಾಯಿತಿ ಅನುದಾನದ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಅಂಥ ಹಣ ಹೈಮಾಸ್ಟ್ ದೀಪ, ಸ್ವಾಗತ ಕಮಾನುಗಳ ಕಡೆ ಜಾರದಂತೆ ಗ್ರಾಮಸಭೆ ಕಾಯಬೇಕು. ಸಕ್ಕರೆ ಕಾರ್ಖಾನೆಗಳ ಸಾಮಾಜಿಕ ಹೊಣೆಗಾರಿಕೆ ನಿಧಿಗೂ ಇದಕ್ಕಿಂತ ಹತ್ತಿರದ ಕೆಲಸ ಇನ್ನೊಂದಿಲ್ಲ, ಏಕೆಂದರೆ ಜವಳಾದ ನೆಲದಲ್ಲಿ ಬೆಳೆದ ಕಬ್ಬು ಹೋಗಿ ಬಿದ್ದದ್ದು ಆ ಕಾರ್ಖಾನೆಗಳ ಗಾಣಕ್ಕೇ.

ಕೆಲಸಕ್ಕೆ ಕಾಲವೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಇದೇ ಕೃಷ್ಣೆ ಬತ್ತಿ, ಕೊಯ್ನಾ, ವಾರಣಾ ಜಲಾಶಯಗಳಿಂದ ಒಂದಿಷ್ಟು ಟಿಎಂಸಿ ಬಿಡಿ ಎಂದು ಕರ್ನಾಟಕ ಮಹಾರಾಷ್ಟ್ರವನ್ನು ಕೇಳುವ ಹೊತ್ತು. ನೆಲದಡಿಯ ನೀರು ಅತ್ಯಂತ ಕೆಳಗಿರುವುದು, ಗುಂಡಿ ತೆರೆದು ರೇವೆ ಕೆರೆದು ಮರಳು ತುಂಬಲು ಬರುವುದು, ಕಬ್ಬು ನುರಿಸುವ ಹಂಗಾಮು ಮುಗಿದು ಗೌಂಡಿಗಳು, ಟ್ರ್ಯಾಕ್ಟರ್‌ಗಳು ಸಿಗುವುದು ಆಗಲೇ. ಮೇ ಕೊನೆಗೆ ತಹಶೀಲ್ದಾರ್ ಕಚೇರಿಗಳಲ್ಲಿ ಪ್ರವಾಹ ಮುನ್ನೆಚ್ಚರಿಕೆ ಸಭೆ ನಡೆಯುತ್ತದೆ. ಬೋಟ್ ಎಷ್ಟು, ಮೇವು ಎಷ್ಟು, ಈಜುಗಾರರು ಯಾರು ಎಂದು ಬರೆದುಕೊಳ್ಳುತ್ತಾರೆ. ಆ ಹಾಳೆಗೆ ಇನ್ನೂ ಕೆಲವು ಕಲಂ ಸೇರಲಿ: ನದಿಸಾಲಿನ ಪ್ರತಿ ಊರಿನಲ್ಲಿ ಗುಂಡಿಗಳು ಎಷ್ಟು, ಅವುಗಳಿಂದ 18 ಮೀಟರ್ ಒಳಗೆ ಕುಡಿಯುವ ನೀರಿನ ಬಾವಿ, ಬೋರು ಯಾವುವು, ಕಾಳಜಿ ಕೇಂದ್ರವಾಗುವ ಶಾಲೆಗೆ ತಾತ್ಕಾಲಿಕ ಶೌಚಾಲಯ ಎಲ್ಲಿಂದ ಬರುತ್ತದೆ, ಸಕ್ಕಿಂಗ್ ವಾಹನ ಯಾವ ಪುರಸಭೆಯದು, ಬಾಡಿಗೆ ಯಾರು ಕೊಡುತ್ತಾರೆ.

ನೀರು ಇಳಿದ ಮೊದಲ ವಾರದ ಕೆಲಸವೂ ಆ ಸಭೆಯಲ್ಲೇ ಹಂಚಿಕೆಯಾಗಬೇಕು. ಸಾವಿರ ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಎಂಬುದು ಮಾಮೂಲಿ ದಿನಗಳ ಅಳತೆ. ಹೊಳೆನೀರು ಹೊಕ್ಕ ಬಾವಿಗೆ ಅದು ಸಾಲದು. ಬಾವಿಯನ್ನು ಬಳಿಸಿ, ಹೆಚ್ಚು ಪ್ರಮಾಣದಲ್ಲಿ ಹಾಕಿ, ಪರೀಕ್ಷಿಸಿದ ಮೇಲಷ್ಟೇ ಕುಡಿಯಲು ಬಿಡಬೇಕು. ಜಲಜೀವನ್ ಯೋಜನೆಯಡಿ ಪ್ರತಿ ಊರಿನಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡಬೇಕೆಂಬ ನಿಯಮವಿದೆ. ಆ ಐವರ ಹೆಸರು, ಅವರ ಕೈಯಲ್ಲಿರುವ ಕಿಟ್‌ನ ಅವಧಿ ಮುಗಿದಿದೆಯೇ ಇಲ್ಲವೇ ಎಂಬುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಮೇ ತಿಂಗಳಲ್ಲೇ ಗೊತ್ತಿರಬೇಕು. ಆಶಾ ಕಾರ್ಯಕರ್ತೆ ಜ್ವರ, ಭೇದಿಯ ಲೆಕ್ಕ ಬರೆಯಲು ಮನೆಗೆ ಹೋದಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಿ ಬರೆದುಕೊಳ್ಳಲಿ: ಪಾಯಖಾನೆಯಲ್ಲಿ ನೀರು ಇಳಿಯುತ್ತಿದೆಯೇ? ಇಳಿಯುತ್ತಿಲ್ಲ ಎಂದು ಬರೆದ ಮನೆಗಳನ್ನು ಹಾನಿಯ ಪಟ್ಟಿಗೆ ಸೇರಿಸುವ ಆದೇಶವನ್ನು ಜಿಲ್ಲಾಡಳಿತ ಈ ಮಳೆಗಾಲಕ್ಕೆ ಮೊದಲು ಹೊರಡಿಸಬೇಕು.